ತಲೆಗೆ ಎರೆದುಕೊಂಡ ದಿನಗಳು

ಮದುವೆಯಾಗಿ ಬೈಲಹೊಂಗಲದ ಈ ಮನೆಗೆ ಬಂದ ದಿನದಿಂದ ನಾನು ಯಾವ್ಯಾವಾಗ ತಲೆಗೆ ನೀರು ಎರೆದುಕೊಳ್ಳುತ್ತೇನೆ ಎಂಬುದನ್ನು ನಮ್ಮ ಅತ್ತೆ ಎಣಿಸುತ್ತಿದ್ದರು. ಒಂದಲ್ಲ ಎರಡಲ್ಲ, ನಾಲ್ಕು ವರ್ಷ. ನನಗೆ ಅದರ ಸುಳಿವೂ ಇರಲಿಲ್ಲ. ಗೊತ್ತಾದದ್ದು ನಾನು ಬಸುರಿಯಾದ ಮೇಲೆ, ಅದೂ ಒಂದು ಸಣ್ಣ ಜಗಳದಲ್ಲಿ.

ನಾನು ಮುನವಳ್ಳಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಶ್ನೆ ಕೇಳುವ ಚಟ ಚಿಕ್ಕಂದಿನಿಂದಲೂ ಇದೆ. ರಾಮದುರ್ಗದ ತವರಿನಲ್ಲಿ ನನ್ನ ಬಾಯಿಗೆ ಬೀಗ ಹಾಕಬೇಕು ಎನ್ನುತ್ತಲೇ ಅವ್ವ ನನ್ನನ್ನು ಬೆಳೆಸಿದಳು. ಅತ್ತೆ ಇದಕ್ಕೆ ತೀರ ವಿರುದ್ಧ. ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವರು. ಮಾತು ಕಡಿಮೆ, ಕೇಳುವುದು ಇನ್ನೂ ಕಡಿಮೆ. ಆದರೆ ಮನೆಯಲ್ಲಿ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರುವುದಿಲ್ಲ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು, ನಾದಿನಿ ಮದುವೆಯಾಗಿ ಹೋಗಿದ್ದಳು. ನನ್ನ ಗಂಡನಿಗೆ ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೋಗುವ ಹಂಗಾಮಿನಲ್ಲಿ ಅವರು ಮನೆಗೆ ಬರುವುದು ಉಣ್ಣಲು, ಮಲಗಲು ಮಾತ್ರ. ಹೀಗಾಗಿ ಮನೆಯಲ್ಲಿ ನಾನು ಮತ್ತು ಅತ್ತೆ, ಒಬ್ಬಳು ಕೇಳುವವಳು, ಒಬ್ಬರು ಉತ್ತರ ಕೊಡದವರು.

ಮುಟ್ಟಾದರೆ ದೂರ ಕೂರುವ ಪದ್ಧತಿ ನಮ್ಮಲ್ಲಿ ಇಲ್ಲ. ಅಡುಗೆ ಮಾಡಬಹುದು, ದೇವರ ಮುಂದೆ ದೀಪವನ್ನೂ ಹಚ್ಚಬಹುದು. ಹಳೆಯದರಲ್ಲಿ ಉಳಿದದ್ದು ಒಂದೇ ಒಂದು: ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಎರೆದುಕೊಳ್ಳುವುದು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೂ ಅತ್ತೆ ತಾಮ್ರದ ಹಂಡೆಗೇ ಉರಿ ಹಾಕುತ್ತಾರೆ. ನಾನು ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಇಷ್ಟರಲ್ಲಿ ಯಾರಿಗಾದರೂ ಎಣಿಸುವಂಥದ್ದು ಏನಾದರೂ ಇದೆ ಎಂದು ನನಗೆ ಯಾಕೆ ಹೊಳೆಯಬೇಕು.

ಆ ವರ್ಷ ಎಳ್ಳಮಾವಾಸ್ಯೆಗೆ ಹತ್ತು ಹನ್ನೆರಡು ದಿನ ಇರುವಾಗ ನನಗೆ ಮುಟ್ಟಾಯಿತು. ಆಯಿತು ಎಂದು ನಾನು ತಿಳಿದೆ. ಒಂದೂವರೆ ದಿನ, ಅದೂ ಕಲೆ ಬಿದ್ದಷ್ಟೇ. ಚಳಿ, ಓಡಾಟ, ಪರೀಕ್ಷೆಯ ಕೆಲಸ ಎಂದು ನಾನೇ ಕಾರಣ ಕೊಟ್ಟುಕೊಂಡು ಮೊಬೈಲಿನಲ್ಲಿ ತಾರೀಖು ಹಾಕಿಟ್ಟೆ. ನಾಲ್ಕನೆಯ ದಿನದ ಹೊತ್ತಿಗೆ ಅದು ಮರೆತೇ ಹೋಗಿತ್ತು, ಬೆಳಿಗ್ಗೆ ಬಸ್ಸು ತಪ್ಪುವ ಗಡಿಬಿಡಿ ಬೇರೆ, ತಲೆಗೆ ಎರೆದುಕೊಳ್ಳಲಿಲ್ಲ. ಜನವರಿಯ ಕೊನೆಗೆ ದಿನ ಮೇಲಾದವು. ಔಷಧಿ ಅಂಗಡಿಯಿಂದ ಕಿಟ್ ತಂದು ನೋಡಿದೆ. ಎರಡು ಗೆರೆ. ನಾಲ್ಕು ವರ್ಷ ಕಾದ ಗೆರೆಗಳು. ಬಚ್ಚಲಲ್ಲೇ ನಿಂತು ನಕ್ಕೆ. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿದಾಗ ನಾನು ಮೊಬೈಲ್ ತೆಗೆದು ಡಿಸೆಂಬರಿನ ಆ ತಾರೀಖನ್ನೇ ಬರೆಸಿದೆ. ವಿಜ್ಞಾನದ ಟೀಚರ್ ಅಲ್ಲವೇ, ದಾಖಲೆ ಇಟ್ಟಿದ್ದೇನೆ ಎಂಬ ಜಂಬವೂ ಸ್ವಲ್ಪ ಇತ್ತು.

ಫೆಬ್ರುವರಿಯ ಮೊದಲ ವಾರ ಅತ್ತೆ ನನ್ನನ್ನು ಕೇಳದೆ ರಾಮದುರ್ಗಕ್ಕೆ ಫೋನ್ ಮಾಡಿ, ಬರುವ ಶುಕ್ರವಾರ ಕಳ್ಳ ಕುಬಸ, ಖಣ ತಗೊಂಡು ಬರ್ರಿ ಎಂದು ಅವ್ವನಿಗೆ ಹೇಳಿಬಿಟ್ಟಿದ್ದರು. ನಮ್ಮ ಕಡೆ ಏಳನೆಯ ತಿಂಗಳ ಕುಬಸ ಊರಿಗೆಲ್ಲ ಊಟ ಹಾಕಿ ಮಾಡುವಂಥದ್ದು. ಅದಕ್ಕೂ ಮೊದಲು, ಮೂರು ತುಂಬುವುದರೊಳಗೆ, ಹೊರಗಿನವರಿಗೆ ಗೊತ್ತಾಗದಂತೆ ತವರಿನವರು ಕುಪ್ಪಸಕ್ಕೆ ಹಸಿರು ಖಣ ಕೊಟ್ಟು ಹಸಿರು ಬಳೆ ಇಡುತ್ತಾರೆ. ಅದು ಕಳ್ಳ ಕುಬಸ. ಹೊಟ್ಟೆಯಲ್ಲಿರುವುದು ನಮ್ಮದು ಎಂದು ಮನೆಯ ಹೆಂಗಸರು ಮೆಲ್ಲಗೆ ಒಪ್ಪಿಕೊಳ್ಳುವ ದಿನ.

ನನಗೆ ಸಿಟ್ಟು ಬಂತು. ಇನ್ನೂ ಎರಡೇ ತಿಂಗಳು, ಇಷ್ಟು ಅವಸರ ಯಾಕೆ ಎಂದೆ. ಅತ್ತೆ ರೊಟ್ಟಿ ಬಡಿಯುತ್ತಲೇ ಮೂರು ಎಂದರು. ಎರಡು ಎಂದೆ. ಮೂರು ಎಂದರು. ಮೊಬೈಲ್ ತಂದು ತೋರಿಸಿದೆ. ಅವರು ಅದರ ಕಡೆ ನೋಡಲೂ ಇಲ್ಲ.

"ದೀಪಾವಳಿ ಆದ ಮ್ಯಾಲ ಒಂದ ಸಲ ಎರಕೊಂಡಿ. ಆಮ್ಯಾಲ ಎರಕೊಂಡೇ ಇಲ್ಲ" ಅಂದರು.

ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮುಖ ಬಿಸಿಯಾಯಿತು. ನಾನು ಸ್ನಾನ ಮಾಡುವುದನ್ನು ಈ ಮನೆಯಲ್ಲಿ ಒಬ್ಬರು ಕಾವಲು ಕಾಯುತ್ತಿದ್ದಾರೆ. ಭಾನುವಾರ ಭಾನುವಾರ ಎರೆದುಕೊಳ್ಳುತ್ತೇನಲ್ಲ, ಅದನ್ನು ಯಾವ ಪಟ್ಟಿಯಲ್ಲಿ ಬರೆದುಕೊಂಡಿದ್ದೀರಿ ಎಂದು ಚುಚ್ಚಿದೆ. ಅದು ವಾರದ ನೀರು, ಸಾಲಿ ಇದ್ದ ದಿನ ಎರೆದುಕೊಂಡರೆ ತಿಂಗಳ ನೀರು ಎಂದರು. ಸಿಟ್ಟಿನಲ್ಲೂ ನನ್ನ ಚಟ ಬಿಡಲಿಲ್ಲ. ನಾಲ್ಕನೆಯ ದಿನ ಭಾನುವಾರವೇ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಆವತ್ತು ನೀನು ಎಣ್ಣೆ ಹಚ್ಚಿಕೊಳ್ಳುವುದಿಲ್ಲವಲ್ಲ ಎಂದರು. ನಿಜ. ನನಗೇ ಗೊತ್ತಿರದ ನನ್ನ ಅಭ್ಯಾಸ ಅದು. ಪೊಲೀಸ್ ಇಲಾಖೆಗೆ ಹೋಗಬೇಕಾದವರು ರೊಟ್ಟಿ ಬಡಿಯುತ್ತ ಕೂತಿದ್ದಾರೆ ಎನ್ನಿಸಿತು.

ಗುರುವಾರ ಮೂರನೆಯ ಪಿರಿಯಡ್. ಹಲಗೆಯ ಮೇಲೆ ವಿದ್ಯುತ್ ಮಂಡಲದ ಚಿತ್ರ ಬರೆಯುತ್ತಿದ್ದೆ. ಏನೋ ಬೆಚ್ಚಗೆ ಇಳಿದಂತಾಯಿತು. ಚಿತ್ರ ಅರ್ಧಕ್ಕೆ ಬಿಟ್ಟು, ಮಕ್ಕಳಿಗೆ ನಕಲು ಮಾಡಿಕೊಳ್ಳಲು ಹೇಳಿ ಹೊರಗೆ ಬಂದೆ. ಪಾಯಖಾನೆಯಲ್ಲಿ ನೋಡಿದರೆ ಕೆಂಪು. ಕಲೆಯಲ್ಲ, ಹಸಿ ರಕ್ತ. ಹೋಯಿತು ಎಂದುಕೊಂಡೆ. ನಾಲ್ಕು ವರ್ಷ ಕಾದ ಮೇಲೆ ಬಂದದ್ದು, ಹೆಸರು ಕೂಡ ಇಡದ ಒಂದು ಜೀವ, ಸಾಲಿಯ ಪಾಯಖಾನೆಯಲ್ಲಿ ಹೋಯಿತು. ನನಗೆ ಆವತ್ತು ಆದಷ್ಟು ಹೆದರಿಕೆ ಯಾವತ್ತೂ ಆಗಿಲ್ಲ.

ಹಿಂದಿ ಟೀಚರ್ ನನಗಿಂತ ಹಿರಿಯರು. ಮುಖ ನೋಡಿಯೇ ತಿಳಿದುಕೊಂಡರು. ಹೆಡ್‌ಮಾಸ್ತರರು ಏನೊಂದೂ ಕೇಳದೆ ತಮ್ಮ ಕಾರು ತೆಗೆದರು. ಆ ಕಾರಿನ ಹೊಸ ಸೀಟಿಗೆ ಎಲ್ಲಿ ಕಲೆಯಾಗುತ್ತದೋ ಎಂದು ಬೈಲಹೊಂಗಲದವರೆಗೂ ನಾನು ಅರ್ಧ ಎದ್ದೇ ಕೂತಿದ್ದೆ. ಹಿಂದಿ ಟೀಚರ್ ತಮ್ಮ ಶಾಲು ಮಡಿಸಿ ಕೆಳಗೆ ಹಾಕಿ, ಸರಿಯಾಗಿ ಕುಂಡ್ರು ಎಂದು ಗದರಿದರು. ದಾರಿಯಲ್ಲಿ, ಮುಂದೆ ಕೂತ ಹೆಡ್‌ಮಾಸ್ತರರಿಗೆ ಕೇಳದಷ್ಟು ಮೆಲ್ಲಗೆ, ಎರಡನೆಯ ಮಗ ಹೊಟ್ಟೆಯಲ್ಲಿದ್ದಾಗ ತಮಗೂ ಹೀಗೆಯೇ ರಕ್ತ ಹೋಗಿತ್ತು ಎಂದರು. ಆ ಮಗ ಈಗ ಧಾರವಾಡದಲ್ಲಿ ಓದುತ್ತಾನೆ. ಎಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿದಿದ್ದೇವೆ. ಈ ಮಾತು ಒಮ್ಮೆಯೂ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಗಂಡ ಬಂದು ಕಾಯುತ್ತಿದ್ದರು, ಕೈಗೆ ಗ್ರೀಸ್ ಹಾಗೆಯೇ ಇತ್ತು. ಅತ್ತೆಯೂ ಬಂದಿದ್ದರು. ಹೆಣ್ಣು ಡಾಕ್ಟರಿಗೆ ನಮ್ಮ ಕಡೆ ಡಾಕ್ಟರ್ ಬಾಯಿ ಎನ್ನುತ್ತಾರೆ, ಇವರು ವಯಸ್ಸಿನಲ್ಲಿ ನನಗಿಂತ ಸಣ್ಣವರು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಪರದೆಯನ್ನು ಬಹಳ ಹೊತ್ತು ನೋಡಿದರು. ನಾನು ಪರದೆ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದೆ. ಅವರು ನನ್ನ ಕಾರ್ಡ್ ಎತ್ತಿಕೊಂಡು ಓದಿ, ಮತ್ತೆ ಪರದೆ ನೋಡಿದರು.

"ಕಾರ್ಡಿನ್ಯಾಗ ಎಂಟು ವಾರ ಅಂತ ಐತಿ. ಇದು ಎಂಟು ವಾರದ್ದಲ್ಲರಿ, ಹನ್ನೆರಡರದ್ದು. ಇಲ್ಲಿ ನೋಡ್ರಿ, ಕೈ ಆಡಸಾಕ ಹತ್ತೇತಿ."

ನೋಡಿದೆ. ಬೂದು ಬಣ್ಣದ ನೀರಿನಲ್ಲಿ ಒಂದು ಹುರಳಿಕಾಳಿನಷ್ಟು ಜಾಗ ಪಟಪಟ ಬಡಿಯುತ್ತಿತ್ತು. ಪಕ್ಕದಲ್ಲಿ ಕೈ. ನನಗೆ ಅಳು, ನಗು ಎರಡೂ ಬಂದು, ಅದರ ನಡುವೆಯೇ ಪ್ರಶ್ನೆಯೂ ಬಂತು. ಡಿಸೆಂಬರಿನಲ್ಲಿ ನನಗೆ ಮುಟ್ಟಾಗಿದೆ, ಹನ್ನೆರಡು ಹೇಗಾಗುತ್ತದೆ ಎಂದೆ. ಎಷ್ಟು ದಿನ ಹೋಗಿತ್ತು ಎಂದು ಕೇಳಿದರು. ಒಂದೂವರೆ ಎಂದೆ. ಯಾವಾಗಲೂ ಎಷ್ಟು ಎಂದರು. ನಾಲ್ಕು ಎಂದೆ. ಬಸಿರು ಕಟ್ಟಿದ ಶುರುವಿಗೆ, ಮುಟ್ಟು ಬರಬೇಕಾದ ಸುಮಾರಿಗೇ ಕೆಲವರಿಗೆ ಹೀಗೆ ತುಸು ರಕ್ತ ಕಾಣಿಸುತ್ತದೆ, ಅದನ್ನೇ ಮುಟ್ಟೆಂದು ತಿಳಿದು ತಿಂಗಳು ತಪ್ಪುತ್ತಾರೆ ಎಂದು ವಿವರಿಸಿದರು. ನನಗೆ ಎರಡೋ ಮೂರೋ ಎಂದು ಆಡಿದ ಜಗಳ ನೆನಪಾಯಿತು. ಬಾಗಿಲ ಹತ್ತಿರ ನಿಂತ ಅತ್ತೆಯ ಕಡೆ ನೋಡಿದೆ. ಗೆದ್ದೆನೆಂಬ ಭಾವ ಅವರ ಮುಖದಲ್ಲಿ ಇರಲಿಲ್ಲ. ಅವರ ಕಣ್ಣು ಪರದೆಯ ಮೇಲೇ ಇತ್ತು.

ಡಾಕ್ಟರ್ ಬಾಯಿ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೂಸಿರುವ ಚೀಲ, ಅದರ ಅಂಚಿನಲ್ಲಿ ಒಂದು ಕಡೆ ಕಟ್ಟಿಕೊಂಡ ರಕ್ತ. ಹೊರಗೆ ಬರುತ್ತಿರುವುದು ಅದು. ನಾನು ಹಟ ಹಿಡಿದು ಕೇಳುತ್ತ ಹೋದೆ. ದಿನಾ ಬಸ್ಸಿನಲ್ಲಿ ಕುಲುಕಾಡುತ್ತ ಹೋಗಿದ್ದಕ್ಕೆ ಆಯಿತೇ. ಇಲ್ಲ. ಸಂಕ್ರಾಂತಿಗೆ ನವಿಲುತೀರ್ಥಕ್ಕೆ ಹೋಗಿ ಮೆಟ್ಟಿಲು ಹತ್ತಿದ್ದೆ. ಅದಕ್ಕಲ್ಲ. ಒಂದು ಹೋಳು ಪಪ್ಪಾಯಿ ತಿಂದಿದ್ದೆ. ಅದಕ್ಕೂ ಅಲ್ಲ. ಹಾಗಾದರೆ ಯಾಕೆ ಎಂದೆ. ಬಹಳ ಸಲ ಯಾಕೆ ಎಂಬುದು ಗೊತ್ತಾಗುವುದೇ ಇಲ್ಲ, ಆದರೆ ನೀವು ಮಾಡಿದ ಯಾವುದೋ ಒಂದರಿಂದ ಆದದ್ದಲ್ಲ ಎಂದರು. ಆಮೇಲೆ ರಕ್ತದ ಗುಂಪು ನೋಡಿ, ನೆಗೆಟಿವ್ ಇದ್ದಿದ್ದರೆ ಒಂದು ಇಂಜೆಕ್ಷನ್ ಬೇಕಾಗುತ್ತಿತ್ತು, ನಿಮಗೆ ಬೇಡ ಎಂದರು. ಕೊನೆಗೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಉಳಿಯುತ್ತದೆಯೇ.

"ಇವತ್ತ ಬಡಿತ ಚಲೋ ಐತಿ. ಹಿಂಗ ರಕ್ತ ಹೋದವರೊಳಗ, ಬಡಿತ ಕಂಡ ಮ್ಯಾಲ, ಭಾಳ ಮಂದಿಗೆ ಉಳೀತಾವ್ರಿ. ಕೆಲವರಿಗೆ ಉಳಿಯೂದಿಲ್ಲ. ನಿಮ್ಮದು ಯಾವುದು ಅಂತ ಹೇಳಾಕ ಇವತ್ತ ನನಗ ಬರೂದಿಲ್ಲ."

ಸುಳ್ಳು ಧೈರ್ಯ ಕೊಡದ ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿತು. ಮಲಗಿಯೇ ಇದ್ದರೆ ನಿಲ್ಲುತ್ತದೆಂದೇನೂ ಇಲ್ಲ, ಆದರೂ ಭಾರ ಎತ್ತಬೇಡಿ, ನೋವು ಬಂದು ಜಾಸ್ತಿ ಹೋದರೆ ಹೊತ್ತು ನೋಡದೆ ಬನ್ನಿ, ಮುಂದಿನ ವಾರ ಮತ್ತೆ ನೋಡೋಣ ಎಂದರು.

ಮನೆಗೆ ಬಂದರೆ ಅವ್ವ ರಾಮದುರ್ಗದಿಂದ ಬಂದು ಪಡಸಾಲೆಯಲ್ಲಿ ಕೂತಿದ್ದಳು. ಶುಕ್ರವಾರದ ಕುಬಸಕ್ಕೆ ಒಂದು ದಿನ ಮೊದಲೇ ಹೊರಟಿದ್ದಳು, ದಾರಿಯಲ್ಲೇ ಫೋನಿನಲ್ಲಿ ಸುದ್ದಿ ತಿಳಿದಿತ್ತು. ಖಣ, ಬಳೆ ಇದ್ದ ಚೀಲವನ್ನು ಗೂಟಕ್ಕೆ ತೂಗುಹಾಕಿ, ಅದರ ಕಡೆ ಬೆನ್ನು ಮಾಡಿ ಕೂತಿದ್ದಳು. ನನ್ನನ್ನು ಮಲಗಿಸಿದರು. ಸಂಜೆಯ ಹೊತ್ತಿಗೆ ಪಕ್ಕದ ಮನೆಯವರಿಂದ ಹಿಡಿದು ಫೋನಿನಲ್ಲಿ ನಾದಿನಿಯವರೆಗೆ ಎಲ್ಲರೂ ತಲೆಗೊಂದು ಕಾರಣ ಕೊಟ್ಟರು. ಬಸ್ಸು, ಎತ್ತರದ ಕಪಾಟಿಗೆ ಕೈ ಎತ್ತಿದ್ದು, ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಊಟಕ್ಕೆ ಕೂತದ್ದು, ಕಣ್ಣು ಬಿದ್ದದ್ದು. ನನಗೆ ವಿಚಿತ್ರ ಎನ್ನಿಸಿದ್ದು ಒಂದು. ಒಬ್ಬರ ಕಾರಣ ಇನ್ನೊಬ್ಬರದರಂತೆ ಇರಲಿಲ್ಲ, ಆದರೆ ಎಲ್ಲದರಲ್ಲೂ ತಪ್ಪು ಮಾಡಿದವಳು ನಾನೇ ಆಗಿದ್ದೆ. ಅತ್ತೆ ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ.

ಮರುದಿನ ಅತ್ತೆ ಹೂವು, ಅರಿಸಿನ ತರಿಸಿದಾಗ ಅವ್ವ ಗಾಬರಿಯಾದಳು. ಇನ್ನೂ ರಕ್ತ ಹೋಗುತ್ತಿದೆ, ನಾಳೆ ಏನಾದರೂ ಆದರೆ ಇಟ್ಟ ಹಸಿರು ಬಳೆಯನ್ನು ಹೇಗೆ ತೆಗೆಯುವುದು ಬೀಗತಿಯವರೇ, ರಕ್ತ ನಿಂತ ಮೇಲೆ ಐದನೆಯ ತಿಂಗಳಲ್ಲಿ ಮಾಡೋಣ ಎಂದು ಕೈ ಹಿಡಿದುಕೊಂಡಳು. ಅತ್ತೆ ಗೂಟದಿಂದ ಚೀಲ ಇಳಿಸಿದರು.

"ನಾಳಿದು ನಾಳಿಗೆ. ಇವತ್ತಂತೂ ಐತೆಲ್ಲ ಬೀಗತಿಯವರ. ಇದ್ದದ್ದಕ್ಕ ಮಾಡೂಣು."

ಮಂಚದ ಮೇಲೆ ದಿಂಬಿಗೆ ಒರಗಿಸಿ, ಉಡಿಯಲ್ಲಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿದರು. ಅವ್ವ ಇಡುವಾಗ ಒಂದು ಬಳೆ ಒಡೆಯಿತು, ಅತ್ತೆ ಆ ಚೂರು ಯಾರಿಗೂ ಕಾಣದಂತೆ ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನದನ್ನು ತಾವೇ ಇಟ್ಟರು. ನನಗೆ ಆ ಶಾಸ್ತ್ರಗಳ ಮೇಲೆ ಅಂಥ ನಂಬಿಕೆಯೇನಿಲ್ಲ. ಆದರೂ ಆವತ್ತು ಅತ್ತೆಯ ತೋಳು ಹಿಡಿದು ಅತ್ತುಬಿಟ್ಟೆ. ಎಲ್ಲರೂ ಹೋಗಬಹುದಾದದ್ದರ ಬಗ್ಗೆ ಮಾತಾಡುತ್ತಿದ್ದಾಗ, ಇರುವುದನ್ನು ಇದೆ ಎಂದು ಹೇಳಿದವರು ಅವರೊಬ್ಬರೇ.

ರಕ್ತ ಹನ್ನೊಂದು ದಿನ ಹೋಯಿತು. ಕೆಂಪು ಹೋಗಿ ಕಂದು, ಕಂದು ಹೋಯಿತೆನ್ನುವಾಗ ಮತ್ತೆ ಕೆಂಪು. ಪ್ರತಿ ಸಲ ಬಚ್ಚಲಿಗೆ ಹೋದಾಗಲೂ ಮೊದಲು ಬಣ್ಣ ನೋಡುತ್ತಿದ್ದೆ. ಐದನೆಯ ದಿನಕ್ಕೆ ತಲೆ ತುರಿಸತೊಡಗಿತು. ಕೂದಲು ಜಿಡ್ಡು ಹಿಡಿದು ನನ್ನ ವಾಸನೆ ನನಗೇ ಬರುತ್ತಿತ್ತು. ಡಾಕ್ಟರ್ ಸ್ನಾನ ಬೇಡ ಎಂದಿಲ್ಲ, ತಲೆಗೆ ಎರೆದುಕೊಳ್ಳುತ್ತೇನೆ ಎಂದೆ. ಅತ್ತೆ ಬೇಡ ಎಂದರು. ಮೈಗೆ ಹಾಕಿಕೋ, ತಲೆಗೆ ಬೇಡ. ಕಾರಣ ಕೇಳಿದೆ, ಹೇಳಲಿಲ್ಲ. ಏಳನೆಯ ದಿನ ಅವರು ಹಿತ್ತಲಲ್ಲಿದ್ದಾಗ ನಾನೇ ಎದ್ದು ಹಂಡೆಗೆ ಉರಿ ಹಾಕಿದೆ. ನೀರು ಕಾಯುವಷ್ಟರಲ್ಲಿ ಬಂದು, ತಂಬಿಗೆಯಿಂದ ನೀರು ಸುರಿದು ಒಲೆ ಆರಿಸಿಬಿಟ್ಟರು. ಹೊಗೆಯಲ್ಲಿ ನಿಂತು ನಾನು ಕೂಗಾಡಿದೆ. ಎಣಿಸಿದ್ದು ಸಾಲದೆ ಈಗ ತಡೆಯುತ್ತಲೂ ಇದ್ದೀರಿ, ಇದು ನನ್ನ ತಲೆ, ನನ್ನ ಮೈ ಎಂದೆ. ಅಷ್ಟು ಜೋರು ನಾನು ಅವರ ಮುಂದೆ ಎಂದೂ ಆಡಿರಲಿಲ್ಲ.

ಮಧ್ಯಾಹ್ನ ಮೊರದಲ್ಲಿ ಜೋಳ ಹಾಕಿಕೊಂಡು ನನ್ನ ಮಂಚದ ಹತ್ತಿರ ಬಂದು ಕೂತರು. ಕಲ್ಲು ಆರಿಸುತ್ತ, ನನ್ನ ಕಡೆ ನೋಡದೆ ಹೇಳಿದರು. ನನ್ನ ಗಂಡ ಹುಟ್ಟಿದ ಮೇಲೆ, ನಾದಿನಿ ಹುಟ್ಟುವ ಮೊದಲು ಅತ್ತೆಗೆ ಇನ್ನೊಂದು ಬಸಿರು ನಿಂತಿತ್ತು. ನಾಲ್ಕು ತಿಂಗಳು. ಶೇಂಗಾ ಕೀಳುವ ದಿನಗಳು. ಹೊಲದಲ್ಲಿ ಶುರುವಾಗಿ ಮೂರು ದಿನ ರಕ್ತ ಹೋಯಿತು. ಡಾಕ್ಟರ್ ಎಂಬ ಮಾತೇ ಬರಲಿಲ್ಲ. ನಾಲ್ಕನೆಯ ದಿನ ನಸುಕಿನಲ್ಲಿ ಅವರ ಅತ್ತೆ ಹಂಡೆಗೆ ಉರಿ ಹಾಕಿ ಎಬ್ಬಿಸಿದರು. ತಲೆಗೆ ಎರೆದುಕೊಂಡು ಏಳು, ತಿಂಗಳದ್ದೇ ತಡವಾಗಿ ಬಂದಿದೆ ಎಂದುಕೋ ಎಂದರು. ಇವರು ಎರೆದುಕೊಂಡರು. ಆವತ್ತೇ ಹೊಲಕ್ಕೆ ಹೋದರು. ಮಾವನಿಗೆ ಗೊತ್ತಿತ್ತೋ ಇಲ್ಲವೋ, ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

"ಎರಕೊಂಡ್ರ ಮುಗೀತು ಅಂತ ಆಗ್ತೈತಿ" ಎಂದರು. "ನಿಂದಿನ್ನೂ ಮುಗದಿಲ್ಲ."

ಅದಕ್ಕೇ ನನ್ನ ನೀರು ಎಣಿಸುತ್ತಿದ್ದಿರೇ ಎಂದೆ. ಮಗಳದ್ದನ್ನೂ ಎಣಿಸಿದೆ, ನಿನ್ನದನ್ನೂ ಎಣಿಸಿದೆ, ಇನ್ನೊಂದು ಯಾರ ಲೆಕ್ಕಕ್ಕೂ ಸಿಗದೆ ಹೋಗಬಾರದೆಂದು ಎಂದರು. ಮೊರ ಎತ್ತಿಕೊಂಡು ಒಳಗೆ ಹೋದರು. ಅವರ ಕಾವಲಿನ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನನಗೆ ನಾಚಿಕೆಯಾಯಿತು.

ಅದೇ ವಾರ ಅವ್ವನನ್ನು ಕೇಳಿದೆ, ನಿನಗೂ ಯಾವಾಗಲಾದರೂ ಹೀಗಾಗಿತ್ತೇ ಎಂದು. ನಿನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಎಂದಳು, ಅದೇನು ದೊಡ್ಡ ಮಾತು ಎಂಬಂತೆ. ಅವ್ವನದು ಉಳಿದಿತ್ತು, ಅತ್ತೆಯದು ಉಳಿದಿರಲಿಲ್ಲ. ಒಂದೇ ರಕ್ತ, ಒಳಗೆ ಆಗುವುದು ಬೇರೆ. ಇದು ನನ್ನನ್ನು ಕಾಡಿತು. ನಾನು ಕಲಿಸುವ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ, ಅಂಗಗಳ ಚಿತ್ರವಿದೆ, ಬಾಣದ ಗುರುತುಗಳಿವೆ. ಇಷ್ಟು ಹೆಂಗಸರಿಗೆ ಆದದ್ದರ ಬಗ್ಗೆ ಒಂದು ಸಾಲೂ ಇಲ್ಲ.

ಎರಡನೆಯ ಸಲ ಹೋದಾಗ ಬಡಿತ ಚೆನ್ನಾಗಿತ್ತು, ಕಟ್ಟಿದ ರಕ್ತ ಸಣ್ಣದಾಗಿತ್ತು. ನರ್ಸ್ ಕಾರ್ಡಿನ ತಾರೀಖು ಹೊಡೆದುಹಾಕಿ ಹೊಸದು ಬರೆದಳು, ಅತ್ತೆಯ ಲೆಕ್ಕದ ತಾರೀಖು. ಆಮೇಲೆ ಇದು ಎಷ್ಟನೆಯ ಸಲದ ಬಸಿರು, ಹೆರಿಗೆ ಎಷ್ಟು, ಹೋದವು ಎಷ್ಟು ಎಂದು ಕೇಳಿ ಕಾರ್ಡಿನ ಚೌಕಗಳನ್ನು ತುಂಬಿದಳು. ಹೊರಗೆ ಬಂದು ಆಟೋಕ್ಕೆ ನಿಂತಾಗ ಅತ್ತೆ ಅಪರೂಪಕ್ಕೆ ಒಂದು ಪ್ರಶ್ನೆ ಕೇಳಿದರು. ಹೋದದ್ದನ್ನೂ ಎಣಿಸುತ್ತಾರೆಯೇ. ಹೌದು, ಅವರು ಮೊದಲು ಬರೆಯುವುದೇ ಎಷ್ಟು ಸಲ ನಿಂತಿತ್ತು ಎಂಬುದನ್ನು, ಎಷ್ಟು ಬದುಕಿವೆ ಎಂಬುದು ಆಮೇಲೆ ಎಂದೆ. ಮನೆಯ ಮುಂದೆ ಆಟೋ ಇಳಿಯುವಾಗ ಮೆಲ್ಲಗೆ, ತಮಗೇ ಹೇಳಿಕೊಂಡಂತೆ ಅಂದರು, "ಹಂಗಾರ ನಂದು ಮೂರು."

ರಕ್ತ ನಿಂತಿತು, ಆಮೇಲೆ ವಾರದ ನೀರಿಗೆ ಅತ್ತೆ ಅಡ್ಡ ಬರಲಿಲ್ಲ. ನಿಂತ ಮೇಲೂ ಕಣ್ಣಿಟ್ಟಿರಬೇಕು, ಹೀಗೆ ರಕ್ತ ಹೋದ ಬಸಿರು ಕೆಲವೊಮ್ಮೆ ದಿನ ತುಂಬುವ ಮೊದಲೇ ಹೆರಿಗೆಯಾಗುತ್ತದೆ, ಕೂಸು ಸಣ್ಣದಿರುತ್ತದೆ ಎಂದು ಡಾಕ್ಟರ್ ಬಾಯಿ ಮೊದಲೇ ಹೇಳಿದ್ದರು. ಏಳರ ಕುಬಸ ಮುಗಿಸಿಕೊಂಡು ರಾಮದುರ್ಗಕ್ಕೆ ಹೋದೆ. ನಾಗರ ಪಂಚಮಿಗೆ ಎರಡು ದಿನ ಇರುವಾಗ, ಅವ್ವ ಉಂಡಿ ಕಟ್ಟುತ್ತ ಕೂತಿದ್ದಾಗ ನನಗೆ ನೀರು ಹೋಯಿತು. ನನ್ನ ಮೊಬೈಲಿನ ಲೆಕ್ಕ ಹಿಡಿದರೆ ಅದು ಎಂಟು ಕೂಡ ತುಂಬದ ಕೂಸು. ಅಲ್ಲಿನ ಆಸ್ಪತ್ರೆಯವರು ಕಾರ್ಡಿನಲ್ಲಿ ತಿದ್ದಿದ ತಾರೀಖು ನೋಡಿ, ಬೇಗ ಹೌದು, ಆದರೆ ತೀರ ಬೇಗವಲ್ಲ, ಇಲ್ಲಿಯೇ ಆಗುತ್ತದೆ, ದೊಡ್ಡ ಊರಿಗೆ ಕಳಿಸಬೇಕಾಗಿಲ್ಲ ಎಂದರು. ಮಗಳು ಹುಟ್ಟಿದಳು. ಎರಡು ಕಿಲೋಗಿಂತ ಸ್ವಲ್ಪವೇ ಹೆಚ್ಚು. ನನ್ನ ಅಂಗೈಯಿಂದ ಮೊಣಕೈವರೆಗೆ ಅವಳು ಮುಗಿದುಹೋಗುತ್ತಿದ್ದಳು. ಎದೆಗೆ ಅಂಟಿಸಿಕೊಂಡೇ ಬೆಚ್ಚಗೆ ಇಟ್ಟುಕೊಳ್ಳಬೇಕೆಂದರು. ಹಗಲೂ ರಾತ್ರಿ ಹಾಗೆಯೇ ಇಟ್ಟುಕೊಂಡೆ. ಐದನೆಯ ದಿನ ಅತ್ತೆ ಬೈಲಹೊಂಗಲದಿಂದ ಬಂದರು. ಕೂಸನ್ನು ನೋಡಿ, ಅವ್ವನ ಬಚ್ಚಲಿಗೆ ಹೋಗಿ ತಾವೇ ಉರಿ ಹಾಕಿ, ಬಾ, ಈಗ ಎರೆಯುತ್ತೇನೆ ಎಂದರು. ಅವರ ಕೈಯ ನೀರು ಸುಡುಸುಡು ಇತ್ತು. ನಾನು ತಲೆ ಬಾಗಿಸಿ ಕೂತೆ.

ತೊಟ್ಟಿಲಿಗೆ ಹಾಕುವ ದಿನ ಪಡಸಾಲೆ ತುಂಬ ರಾಮದುರ್ಗದ ನಮ್ಮ ಓಣಿಯ ಹೆಂಗಸರು. ನನ್ನ ಗಂಡ ಸ್ಟೂಲಿನ ಮೇಲೆ ನಿಂತು ತೊಟ್ಟಿಲ ಹಗ್ಗ ಬಿಗಿಯುತ್ತಿದ್ದರು. ಅತ್ತೆ ಹೇಳಿದ್ದನ್ನು ನಾನು ಅವರಿಗೂ ಹೇಳಿರಲಿಲ್ಲ, ಅದು ನಾನು ಹೇಳುವ ಮಾತಲ್ಲ ಎಂದು. ಅತ್ತೆಯನ್ನು ಮೊದಲ ಸಲ ನೋಡಿದ ಒಬ್ಬ ಅಜ್ಜಿ, ಎಲೆ ಅಡಿಕೆ ಮೆಲ್ಲುತ್ತ, ಎಲ್ಲರೂ ಕೇಳುವ ಮಾತನ್ನೇ ಕೇಳಿದಳು. ನಿಮಗೆ ಎಷ್ಟು ಮಕ್ಕಳು.

ಅತ್ತೆ ಮಡಿಲಲ್ಲಿದ್ದ ಕೂಸಿನ ಕುಂಚಿಗೆ ಸರಿಮಾಡಿದರು.

"ಮೂರ್ರಿ" ಎಂದರು. "ನಡುವಿನದು ನಾಲ್ಕ ತಿಂಗಳದ್ದಿದ್ದಾಗ ಹೋತು."

ಅಜ್ಜಿ ಹೌದೇ ಎಂದು ಲೊಚಗುಟ್ಟಿ ಮತ್ತೊಂದು ಎಲೆ ತೆಗೆದುಕೊಂಡಳು. ನನ್ನ ಗಂಡನ ಕೈ ಹಗ್ಗದ ಮೇಲೆ ಹಾಗೆಯೇ ನಿಂತಿತು. ಅವರು ನನ್ನ ಕಡೆ ನೋಡಿದರು, ನಾನು ಅತ್ತೆಯ ಕಡೆ ನೋಡಿದೆ. ಅವರು ಸ್ಟೂಲಿನಿಂದ ಇಳಿದು, ಹೆಂಗಸರ ನಡುವೆ ಜಾಗ ಮಾಡಿಕೊಂಡು, ತಾಯಿಯ ಹತ್ತಿರ ನೆಲದ ಮೇಲೆ ಕೂತರು. "ನಾ ಆವಾಗ ಎಷ್ಟ ದೊಡ್ಡಾವ ಇದ್ನೆವ್ವಾ" ಎಂದು ಕೇಳಿದರು.

"ಸಣ್ಣಾವ ಇದ್ದಿ" ಎಂದರು ಅತ್ತೆ. "ಅಂಬಗಾಲ ಇಡಾಕ ಹತ್ತಿದ್ದಿ. ಆವತ್ತ ನಿನ್ನ ಬೆನ್ನಿಗೆ ಕಟಗೊಂಡೇ ಹೊಲಕ್ಕ ಹೋಗಿದ್ನಿ."